ಆಪರೇಷನ್ ವಿಡಿಯೊ ನೋಡುವುದಕ್ಕೆ ಮೊದಲು ಕೈಯಲ್ಲಿರುವ ಚೀಟಿ ಓದಿ

ದಾವಣಗೆರೆಯ ಯಾವ ದೊಡ್ಡಾಸ್ಪತ್ರೆಯ ಓಪಿಡಿ ಮುಂದೆ ಅರ್ಧ ಗಂಟೆ ಕೂತರೂ ಈ ದೃಶ್ಯ ಕಣ್ಣಿಗೆ ಬೀಳುತ್ತದೆ. ‘ಪಿತ್ತಕೋಶದಲ್ಲಿ ಕಲ್ಲಿದೆ, ಆಪರೇಷನ್ ಮಾಡಿಸಿ’ ಎಂದು ಡಾಕ್ಟರು ಹೇಳಿ ಐದು ನಿಮಿಷ ಆಗಿರುವುದಿಲ್ಲ, ಹೊರಗೆ ಬಂದ ಮಗ ಕಂಬಕ್ಕೆ ಒರಗಿ ಮೊಬೈಲಿನಲ್ಲಿ ‘ಬಲಗಡೆ ಹೊಟ್ಟೆನೋವು ಕಾರಣ’ ಎಂದು ಹುಡುಕುತ್ತಿರುತ್ತಾನೆ. ಕಾಯಿಲೆಗೆ ಹೆಸರು ಸಿಕ್ಕ ಮೇಲೂ ಮತ್ತೆ ಲಕ್ಷಣಕ್ಕೇ ವಾಪಸ್ ಹೋದರೆ ಹೀಗಾಗುತ್ತದೆ: ಮೊದಲ ವಿಡಿಯೊ ಗ್ಯಾಸ್ ಅನ್ನುತ್ತದೆ, ಎರಡನೆಯದು ಅಪೆಂಡಿಕ್ಸ್, ನಾಲ್ಕನೆಯದು ಕ್ಯಾನ್ಸರ್. ರಾತ್ರಿ ಹೊತ್ತಿಗೆ ಮನೆಮಂದಿಯ ನಿದ್ದೆಯೆಲ್ಲ ಹಾಳು.

ಲಕ್ಷಣ ಹಿಡಿದು ಹುಡುಕಬೇಡಿ, ಹೆಸರು ಹಿಡಿದು ಹುಡುಕಿ. ಆ ಹೆಸರು ಇರುವುದು ಡಾಕ್ಟರು ಬರೆದ ಚೀಟಿಯಲ್ಲಿ, ಸ್ಕ್ಯಾನಿಂಗ್ ರಿಪೋರ್ಟಿನಲ್ಲಿ, ಡಿಸ್ಚಾರ್ಜ್ ಸಮರಿಯಲ್ಲಿ. ವಿಡಿಯೊದಿಂದ ಕಾಯಿಲೆ ಪತ್ತೆ ಮಾಡಲು ಆಗುವುದಿಲ್ಲ. ಪತ್ತೆಯಾದ ಕಾಯಿಲೆಯನ್ನು ಅರ್ಥ ಮಾಡಿಕೊಳ್ಳಲು ಮಾತ್ರ ಅದರಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ.

ಮೊದಲ ಹೆಜ್ಜೆ: ಚೀಟಿಯಿಂದ ಹೆಸರು ತೆಗೆಯುವುದು

ಸ್ಕ್ಯಾನಿಂಗ್ ರಿಪೋರ್ಟನ್ನು ಮೇಲಿನಿಂದ ಓದಬೇಡಿ, ಕೆಳಗಿನಿಂದ ಓದಿ. ಕೊನೆಯಲ್ಲಿ ‘ಇಂಪ್ರೆಷನ್’ ಎಂಬ ತಲೆಬರಹದ ಕೆಳಗೆ ಎರಡೋ ಮೂರೋ ಸಾಲು ಇರುತ್ತದೆ. ಅದೇ ಸಾರ. ಮೇಲಿನ ಉದ್ದನೆಯ ವಿವರದಲ್ಲಿ ಲಿವರ್, ಕಿಡ್ನಿ, ಗುಲ್ಮ ಎಲ್ಲದರ ಅಳತೆಯೂ ಇರುತ್ತದೆ. ಅದರಲ್ಲಿ ಬಹುಪಾಲು ‘ನಾರ್ಮಲ್’ ಎಂದು ಹೇಳುವುದಕ್ಕೇ ಬರೆದದ್ದು. ಇಂಪ್ರೆಷನ್ ಸಾಲನ್ನು ಅಕ್ಷರ ತಪ್ಪದಂತೆ ಒಂದು ನೋಟ್‌ಬುಕ್ಕಿಗೆ ಬರೆದುಕೊಳ್ಳಿ. ರೈಟ್, ಲೆಫ್ಟ್ ಎಂಬ ಪದ ಇದ್ದರೆ ಅದನ್ನೂ ಬಿಡದೆ ಬರೆಯಿರಿ. ಅಂದಹಾಗೆ ಸಿಟಿ ಸ್ಕ್ಯಾನ್ ಚಿತ್ರವನ್ನು ರೋಗಿಯ ಕಾಲ ಕಡೆಯಿಂದ ನೋಡಿದಂತೆ ಜೋಡಿಸಿರುತ್ತಾರೆ. ಹಾಗಾಗಿ ಚಿತ್ರದ ಎಡಕ್ಕೆ ಕಾಣುವುದು ರೋಗಿಯ ಬಲಭಾಗ. ‘ಬಲಗಡೆ ಅಂತ ಬರೆದು ಎಡಗಡೆ ತೋರಿಸಿದ್ದಾರೆ’ ಎಂಬ ಗಾಬರಿ ಬೇಡ.

ಹೆಸರು ಹಾವಿನಂತೆ ಉದ್ದ ಇದ್ದರೂ ಬಾಲ ನೋಡಿದರೆ ಅರ್ಧ ಅರ್ಥವಾಗಿಬಿಡುತ್ತದೆ. ‘ಐಟಿಸ್’ ಎಂದು ಮುಗಿದರೆ ಉರಿಯೂತ: ಅಪೆಂಡಿಸೈಟಿಸ್, ಆರ್ಥ್ರೈಟಿಸ್. ‘ಲಿಥಿಯಾಸಿಸ್’ ಎಂದರೆ ಕಲ್ಲು: ಕೋಲಿಲಿಥಿಯಾಸಿಸ್ ಅಂದರೆ ಪಿತ್ತಕೋಶದ ಕಲ್ಲು, ನೆಫ್ರೋಲಿಥಿಯಾಸಿಸ್ ಅಂದರೆ ಕಿಡ್ನಿ ಕಲ್ಲು. ‘ಎಕ್ಟಮಿ’ ಎಂದರೆ ತೆಗೆದುಹಾಕುವುದು. ಹಿಸ್ಟರೆಕ್ಟಮಿ ಗರ್ಭಕೋಶ ತೆಗೆಯುವುದು, ಕೋಲಿಸಿಸ್ಟೆಕ್ಟಮಿ ಪಿತ್ತಕೋಶ ತೆಗೆಯುವುದು. ‘ಆಟಮಿ’ ಎಂದರೆ ಕೊಯ್ದು ತೆರೆಯುವುದು, ‘ಆಸ್ಟಮಿ’ ಎಂದರೆ ಹೊರಕ್ಕೆ ಬಾಯಿ ಮಾಡಿಡುವುದು. ‘ಪ್ಲಾಸ್ಟಿ’ ಎಂದರೆ ಸರಿಪಡಿಸಿ ಆಕಾರ ಕೊಡುವುದು, ‘ಸ್ಕೋಪಿ’ ಎಂದರೆ ಕ್ಯಾಮೆರಾ ಇಟ್ಟು ಒಳಗೆ ನೋಡುವುದು. ಇಲ್ಲಿ ಒಂದಕ್ಷರ ಹೆಚ್ಚುಕಮ್ಮಿಯಾದರೆ ಆಪರೇಷನ್ನೇ ಬೇರೆ. ಕೊಲೆಕ್ಟಮಿ ದೊಡ್ಡ ಕರುಳಿನ ಭಾಗ ತೆಗೆಯುವುದು. ಕೊಲಾಸ್ಟಮಿ ಕರುಳಿನ ಬಾಯನ್ನು ಹೊಟ್ಟೆಯ ಮೇಲೆ ತಂದು ಚೀಲ ಕಟ್ಟುವುದು. ಕಿವಿಗೆ ಕೇಳಿದಂತೆ ಹುಡುಕುಪೆಟ್ಟಿಗೆಗೆ ಹಾಕಬೇಡಿ. ಅಕ್ಷರ ಸ್ಪಷ್ಟವಿಲ್ಲದಿದ್ದರೆ ಔಷಧಿ ಅಂಗಡಿಯವರ ಬಳಿಯೋ ವಾರ್ಡಿನ ಸಿಸ್ಟರ್ ಬಳಿಯೋ ‘ಇದನ್ನ ಬಿಡಿಸಿ ಬರ್ಕೊಡ್ತೀರಾ ಸಿಸ್ಟರ್’ ಎಂದರೆ ಅರ್ಧ ನಿಮಿಷದ ಕೆಲಸ.

ಎರಡನೆಯದು: ವಿಡಿಯೊ ಮೂರು ಬಗೆ, ನೋಡುವ ಕ್ರಮವೂ ಅದೇ

ಮೊದಲು ಅನಿಮೇಷನ್. ರಕ್ತವಿಲ್ಲ, ಬಣ್ಣ ಬಣ್ಣದ ಚಿತ್ರ, ಮೂರರಿಂದ ಆರು ನಿಮಿಷ. ಅಂಗ ಎಲ್ಲಿದೆ, ಏನು ಕೆಲಸ ಮಾಡುತ್ತದೆ, ಎಲ್ಲಿ ಕೆಟ್ಟಿದೆ ಎಂಬುದಷ್ಟೇ ಇದರಲ್ಲಿ ತಿಳಿಯಬೇಕಾದದ್ದು. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಮೆಡ್‌ಲೈನ್‌ಪ್ಲಸ್, ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಇವು ಸಾಮಾನ್ಯ ಜನರಿಗೆಂದೇ ಇಂಥವನ್ನು ಉಚಿತವಾಗಿ ಇಟ್ಟಿವೆ. ಇಂಗ್ಲಿಷ್ ಬರದಿದ್ದರೂ ಚಿತ್ರ ನೋಡಿಯೇ ಮುಕ್ಕಾಲು ತಿಳಿಯುತ್ತದೆ.

ಆಮೇಲೆ ಡಾಕ್ಟರು ಕ್ಯಾಮೆರಾ ಮುಂದೆ ಕೂತು ವಿವರಿಸುವ ವಿಡಿಯೊ. ಕನ್ನಡದಲ್ಲಿ ಇಂಥವು ಈಗ ಧಾರಾಳ. ಚಿಕಿತ್ಸೆಯ ಆಯ್ಕೆ, ಎಷ್ಟು ದಿನ ಆಸ್ಪತ್ರೆ, ಪಥ್ಯ, ಖರ್ಚು ಈ ಬಗೆಯ ಮಾತಿಗೆ ಇವೇ ಸರಿ.

ನಿಜವಾದ ಆಪರೇಷನ್ನಿನ ವಿಡಿಯೊ ಕೊನೆಗೆ, ಅದೂ ಬೇಕೆನಿಸಿದರೆ ಮಾತ್ರ. ಬಹುಪಾಲು ಜನಕ್ಕೆ ಅದರ ಅಗತ್ಯವೇ ಇಲ್ಲ ಎಂಬುದು ನಮ್ಮ ಅಭಿಪ್ರಾಯ. ಅವು ಸರ್ಜನ್‌ಗಳಿಗಾಗಿ ಸರ್ಜನ್‌ಗಳು ಮಾಡಿದವು. ಯೂಟ್ಯೂಬ್ ಇವಕ್ಕೆ ವಯಸ್ಸಿನ ನಿರ್ಬಂಧ ಹಾಕಿರುವುದು ಸಾಮಾನ್ಯ, ಲಾಗಿನ್ ಆಗದೆ ತೆರೆಯುವುದಿಲ್ಲ. ವೈದ್ಯಕೀಯ, ನರ್ಸಿಂಗ್, ಓಟಿ ಟೆಕ್ನಿಷಿಯನ್ ಕೋರ್ಸಿನ ವಿದ್ಯಾರ್ಥಿಗಳು ಮಾತ್ರ ಇಲ್ಲಿಂದಲೇ ಶುರು ಮಾಡಬಹುದು. ಅವರಿಗೆ ಫ್ರಾನ್ಸಿನ ಸ್ಟ್ರಾಸ್‌ಬರ್ಗಿನ ಸಂಸ್ಥೆಯೊಂದು ನಡೆಸುವ ವೆಬ್‌ಸರ್ಜ್ ತಾಣ ಒಳ್ಳೆಯದು, ಹೆಸರು ನೋಂದಾಯಿಸಿದರೆ ಉಚಿತ.

ಮನೆಯವರು ಈ ಮೂರನೆಯ ಬಗೆ ನೋಡುವುದಾದರೆ ಕೂತು ನೋಡಿ, ಖಾಲಿ ಹೊಟ್ಟೆಯಲ್ಲಿ ಬೇಡ. ರಕ್ತ ಕಂಡಾಗ ಕೆಲವರಿಗೆ ನಾಡಿಬಡಿತವೂ ಬಿಪಿಯೂ ಒಮ್ಮೆಲೇ ಇಳಿದು ತಲೆಸುತ್ತಿ ಬೀಳುವುದುಂಟು. ಅದು ಹೇಡಿತನವಲ್ಲ, ನರಗಳ ಪ್ರತಿಕ್ರಿಯೆ. ಬೆವರು ಬಂದು ಕಣ್ಣು ಮಂಜಾದರೆ ತಕ್ಷಣ ಮಲಗಿ ಕಾಲು ಮೇಲಿಟ್ಟುಕೊಳ್ಳಿ. ಆಪರೇಷನ್ನಿನ ಹಿಂದಿನ ರಾತ್ರಿ ರೋಗಿಗೆ ಇದನ್ನು ಯಾವ ಕಾರಣಕ್ಕೂ ತೋರಿಸಬೇಡಿ.

ಮೂರನೆಯದು: ಯಾರು ಮಾಡಿದ್ದು, ಏನು ಮಾರುತ್ತಿದ್ದಾರೆ

ವಿಡಿಯೊ ಕೆಳಗಿನ ವಿವರ ತೆರೆದು ಮೂರು ವಿಷಯ ನೋಡಿ: ಮಾತಾಡುವವರ ಪೂರ್ತಿ ಹೆಸರು ಮತ್ತು ಡಿಗ್ರಿ, ಅವರು ಕೆಲಸ ಮಾಡುವ ಆಸ್ಪತ್ರೆ, ಹಾಕಿದ ತಾರೀಖು. ಡಿಗ್ರಿಯನ್ನು ಕಾಯಿಲೆಗೆ ಹೊಂದಿಸಿ. ಪಿತ್ತಕೋಶ, ಹರ್ನಿಯಾ, ಅಪೆಂಡಿಕ್ಸ್‌ಗೆ ಎಂಎಸ್ ಜನರಲ್ ಸರ್ಜರಿ. ಮೂಳೆಗೆ ಆರ್ಥೋ. ಆಂಜಿಯೋಪ್ಲಾಸ್ಟಿಗೆ ಡಿಎಂ ಕಾರ್ಡಿಯಾಲಜಿ. ಚರ್ಮದ ಡಾಕ್ಟರು ಹೃದಯದ ಬಗ್ಗೆ ಹೇಳುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ.

ಕಲ್ಲು ಕರಗಿಸುತ್ತೇವೆ, ಸಕ್ಕರೆ ಕಾಯಿಲೆ ಬುಡಸಮೇತ ಕಿತ್ತು ಹಾಕುತ್ತೇವೆ, ಪೊರೆಗೆ ಆಪರೇಷನ್ ಬೇಡ, ಹನಿ ಸಾಕು: ಈ ಮೂರು ಮಾತು ಕನ್ನಡ ವಿಡಿಯೊಗಳಲ್ಲಿ ಮತ್ತೆ ಮತ್ತೆ ಕೇಳಿಸುತ್ತವೆ. ಡಯಾಬಿಟಿಸ್, ಕಣ್ಣಿನ ಪೊರೆ, ಕ್ಯಾನ್ಸರ್, ಪಿತ್ತಕೋಶ ಮತ್ತು ಕಿಡ್ನಿ ಕಲ್ಲು ಇವನ್ನು ವಾಸಿ ಮಾಡುತ್ತೇವೆಂದು ಔಷಧಿಯ ಜಾಹೀರಾತು ಕೊಡುವುದು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯ ಪ್ರಕಾರವೇ ನಿಷಿದ್ಧ. ವಿಡಿಯೊದ ಕೊನೆಗೆ ವಾಟ್ಸ್ಆ್ಯಪ್ ನಂಬರು, ಕೊರಿಯರ್ ಚಾರ್ಜು ಬಂದರೆ ನೀವು ನೋಡಿದ್ದು ಜಾಹೀರಾತು.

ಕಲ್ಲು ಕರಗಿಸುವ ವಿಚಾರದಲ್ಲಿ ಒಂದು ಚೂರು ನಿಜವೂ ಇದೆ, ಹಾಗಾಗಿಯೇ ಸುಳ್ಳು ಅಷ್ಟು ಚೆನ್ನಾಗಿ ಓಡುತ್ತದೆ. ಅರ್ಸೋಡಿಆಕ್ಸಿಕೋಲಿಕ್ ಆಮ್ಲ ಎಂಬ ಮಾತ್ರೆ ಚಿಕ್ಕ ಕೊಲೆಸ್ಟ್ರಾಲ್ ಕಲ್ಲುಗಳನ್ನು, ಪಿತ್ತಕೋಶ ಕೆಲಸ ಮಾಡುತ್ತಿದ್ದರೆ, ತಿಂಗಳುಗಟ್ಟಲೆ ತಿಂದಾಗ ಕರಗಿಸಬಲ್ಲದು. ಮಾತ್ರೆ ಬಿಟ್ಟ ಮೇಲೆ ಎಷ್ಟೋ ಜನರಲ್ಲಿ ಕಲ್ಲು ಮತ್ತೆ ಕಟ್ಟುತ್ತದೆ. ಆಪರೇಷನ್ನಿನಲ್ಲಿ ಬರೀ ಕಲ್ಲನ್ನಷ್ಟೇ ಅಲ್ಲ, ಪಿತ್ತಕೋಶದ ಚೀಲವನ್ನೇ ತೆಗೆಯುವುದು ಅದಕ್ಕೇ.

ನಾಲ್ಕನೆಯದು: ಮೊಬೈಲ್ ಸಜ್ಜು ಮಾಡುವುದು

ಅನಿಮೇಷನ್‌ಗೆ 480 ಗುಣಮಟ್ಟ ಸಾಕು. ಆಪರೇಷನ್ ವಿಡಿಯೊಗೆ ಕನಿಷ್ಠ 720 ಇಡಿ, ಇಲ್ಲದಿದ್ದರೆ ನಾಳ ಯಾವುದು, ಕೊಬ್ಬು ಯಾವುದು ಎಂಬ ಭೇದ ಕಾಣುವುದಿಲ್ಲ. ವೇಗವನ್ನು 0.75ಕ್ಕೆ ಇಳಿಸಿ. ಫೋನನ್ನು ಅಡ್ಡ ಹಿಡಿದು, ಮುಖ್ಯವಾದ ಜಾಗ ಬಂದಾಗ ನಿಲ್ಲಿಸಿ ನೋಟ್‌ಬುಕ್ಕಿನಲ್ಲಿ ಸಮಯ ಬರೆಯಿರಿ: ‘3:40 – ಕ್ಲಿಪ್ ಹಾಕಿದ್ದು’. ಡಾಕ್ಟರ ಎದುರು ಇಪ್ಪತ್ತು ನಿಮಿಷದ ವಿಡಿಯೊ ಓಡಿಸಲು ಆಗುವುದಿಲ್ಲ, ಹತ್ತು ಸೆಕೆಂಡ್ ತೋರಿಸಬಹುದು.

ಇಂಗ್ಲಿಷ್ ವಿಡಿಯೊಗೆ ಕ್ಯಾಪ್ಷನ್ ಹಾಕಿ, ಸೆಟ್ಟಿಂಗಿನಲ್ಲಿ ತಾನಾಗಿ ಅನುವಾದಿಸುವ ಆಯ್ಕೆಯಿಂದ ಕನ್ನಡ ಆರಿಸಿಕೊಳ್ಳಬಹುದು. ಆದರೆ ಯಂತ್ರದ ಕನ್ನಡವನ್ನು ಹುಷಾರಾಗಿ ಓದಬೇಕು. ‘ಅನುಬಂಧವನ್ನು ತೆಗೆದುಹಾಕಲಾಗಿದೆ’ ಎಂದು ಬಂದರೆ ಪುಸ್ತಕದ ಕೊನೆಯ ಪುಟಗಳಲ್ಲ, ಅಪೆಂಡಿಕ್ಸ್. ‘ಸಂಸ್ಕೃತಿ ವರದಿ’ ಎಂದರೆ ಕೀವಿನ ಕಲ್ಚರ್ ಪರೀಕ್ಷೆ. ‘ಕಾರ್ಮಿಕ’ ಎಂದರೆ ಹೆರಿಗೆ ನೋವು ಇರಬಹುದು. ನಗು ಬಂದರೂ ಒಂದು ಕಡೆ ಇದು ಅಪಾಯ: ‘ಅಲ್ಲ’, ‘ಬೇಡ’ ಎಂಬ ನಕಾರ ತಪ್ಪಿಹೋದರೆ ಅರ್ಥವೇ ತಲೆಕೆಳಗು. ಮಾತ್ರೆ ನಿಲ್ಲಿಸುವುದು, ಶುರು ಮಾಡುವುದು, ಡೋಸ್ ಈ ಮೂರು ವಿಷಯವನ್ನು ಅನುವಾದದ ಕ್ಯಾಪ್ಷನ್ ನೋಡಿ ನಿರ್ಧರಿಸಲೇಬೇಡಿ.

ಐದನೆಯದು: ಒಂದು ಆಪರೇಷನ್ನನ್ನು ಹತ್ತಿರದಿಂದ ನೋಡುವುದು

ಪಿತ್ತಕೋಶದ ಲ್ಯಾಪ್ರೋಸ್ಕೋಪಿಯನ್ನೇ ತೆಗೆದುಕೊಳ್ಳೋಣ. ‘ತೂತು ಹಾಕಿ ಮಾಡೋ ಆಪರೇಷನ್’ ಎಂದು ನಮ್ಮ ಕಡೆ ಜನ ಕರೆಯುವುದು ಇದನ್ನೇ. 1985ರಲ್ಲಿ ಜರ್ಮನಿಯ ಎರಿಕ್ ಮ್ಯೂಹೆ ಮೊದಲು ಮಾಡಿದ್ದು. ಈಗ ಚಿತ್ರದುರ್ಗ, ದಾವಣಗೆರೆಯಲ್ಲೂ ದಿನನಿತ್ಯದ ಕೆಲಸ.

ಶುರುವಿಗೆ ನಾಲ್ಕು ತೂತು. ಹೊಕ್ಕುಳ ಬಳಿಯದು ಸುಮಾರು 10 ಮಿ.ಮೀ., ಕ್ಯಾಮೆರಾ ಹೋಗುವುದು ಇಲ್ಲಿಂದ. ಎದೆಗೂಡಿನ ಕೆಳಗೆ ಇನ್ನೊಂದು, ಬಲಗಡೆ 5 ಮಿ.ಮೀ.ನ ಎರಡು. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ 12ರಿಂದ 15 ಮಿ.ಮೀ. ಪಾದರಸದ ಒತ್ತಡದಲ್ಲಿ ಡೇರೆಯಂತೆ ಎತ್ತಿ ನಿಲ್ಲಿಸುತ್ತಾರೆ. ಜಾಗ ಆಗದಿದ್ದರೆ ಒಳಗೆ ಏನೂ ಕಾಣುವುದಿಲ್ಲ. ಆಪರೇಷನ್ ಆದ ಮಾರನೇ ದಿನ ರೋಗಿ ‘ಹೊಟ್ಟೆಗಿಂತ ಬಲಭುಜ ಜಾಸ್ತಿ ನೋಯ್ತದೆ’ ಅನ್ನುವುದಕ್ಕೆ ಕಾರಣವೂ ಈ ಗಾಳಿಯೇ. ಅದು ಎದೆಗೂ ಹೊಟ್ಟೆಗೂ ನಡುವಿನ ಪರದೆಯಾದ ವಪೆಯನ್ನು ಕೆರಳಿಸುತ್ತದೆ, ಅಲ್ಲಿನ ನರದ ಬೇರು ಭುಜದ ನರದ ಬೇರಿನ ಹತ್ತಿರವೇ ಇರುವುದರಿಂದ ನೋವು ಭುಜದಲ್ಲಿ ಕಾಣಿಸುತ್ತದೆ. ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಇಷ್ಟು ತಿಳಿದಿದ್ದರೆ ‘ಹೃದಯಕ್ಕೇನೋ ಆಯಿತು’ ಎಂಬ ಗಾಬರಿ ಅರ್ಧ ಕಡಿಮೆ. ಆದರೆ ಭುಜನೋವಿನ ಜೊತೆ ಎದೆ ಬಿಗಿತ, ಉಸಿರಾಟದ ತೊಂದರೆ ಇದ್ದರೆ ಕೂಡಲೇ ಹೇಳಬೇಕು.

ಕ್ಯಾಮೆರಾ ಒಳಗೆ ಹೋದ ಮೇಲೆ ಬಣ್ಣ ನೋಡಿ. ಕಡು ಕಂದು, ಹೊಳೆಯುವ ದೊಡ್ಡದು ಲಿವರ್. ಅದರ ಅಡಿಯಿಂದ ಇಣುಕುವ ಹಸಿರು-ನೀಲಿ ಛಾಯೆಯ ಚೀಲ ಪಿತ್ತಕೋಶ. ಬೆಣ್ಣೆಯಂತೆ ಹಳದಿಯಾಗಿ ಎಲ್ಲೆಡೆ ಅಂಟಿರುವುದು ಕೊಬ್ಬು. ಚೀಲದ ತುದಿ ಹಿಡಿದು ಲಿವರ್ ಮೇಲಕ್ಕೆ ಎತ್ತುತ್ತಾರೆ. ಆಗ ಅಡಿಯಲ್ಲಿ ಒಂದು ತ್ರಿಕೋನದ ಜಾಗ ತೆರೆದುಕೊಳ್ಳುತ್ತದೆ. ಇಡೀ ಆಪರೇಷನ್ನಿನ ಗುಟ್ಟು ಇಲ್ಲಿದೆ, ಮಿಕ್ಕಿದ್ದನ್ನು ಓಡಿಸಿದರೂ ಇಲ್ಲಿ ನಿಧಾನಕ್ಕೆ ನೋಡಿ. ಸರ್ಜನ್ ಎಳೆ ಎಳೆಯಾಗಿ ಕೊಬ್ಬು ಬಿಡಿಸುತ್ತಾ ಹೋಗುತ್ತಾರೆ, ಏನೂ ನಡೆಯುತ್ತಿಲ್ಲ ಎನಿಸುವಷ್ಟು ನಿಧಾನ. ಕೊನೆಗೆ ಚೀಲಕ್ಕೆ ಸೇರುವ ಎರಡೇ ಎರಡು ಕೊಳವೆ ಉಳಿಯಬೇಕು: ಒಂದು ಪಿತ್ತದ ನಾಳ, ಇನ್ನೊಂದು ರಕ್ತನಾಳ. ಅವುಗಳ ಹಿಂದೆ ಲಿವರ್ ಕಾಣಬೇಕು, ಚೀಲದ ಕೆಳಭಾಗ ಲಿವರಿನಿಂದ ಬಿಟ್ಟಿರಬೇಕು. 1995ರಲ್ಲಿ ಅಮೆರಿಕದ ಸರ್ಜನ್ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು ಈ ನೋಟಕ್ಕೆ ‘ಕ್ರಿಟಿಕಲ್ ವ್ಯೂ ಆಫ್ ಸೇಫ್ಟಿ’ ಎಂದು ಹೆಸರಿಟ್ಟರು. ಒಳ್ಳೆಯ ವಿಡಿಯೊದಲ್ಲಿ ಸರ್ಜನ್ ಇಲ್ಲಿ ಕ್ಯಾಮೆರಾ ನಿಲ್ಲಿಸಿ ಎರಡೂ ಬದಿ ತೋರಿಸಿಯೇ ಮುಂದೆ ಹೋಗುತ್ತಾರೆ.

ಆಮೇಲೆ ಕ್ಲಿಪ್. ತೀರಾ ಚಿಕ್ಕ ಟೈಟೇನಿಯಂ ಚಿಮಟ. ಸಾಮಾನ್ಯವಾಗಿ ಒಳಗೆ ಉಳಿಯುವ ಕಡೆ ಎರಡು, ಹೊರಗೆ ಬರುವ ಕಡೆ ಒಂದು ಹಾಕಿ ನಡುವೆ ಕತ್ತರಿಸುತ್ತಾರೆ. ಕ್ಲಿಪ್ ಜೀವನಪೂರ್ತಿ ಒಳಗೇ ಇರುತ್ತದೆ, ಅದರಿಂದ ತೊಂದರೆಯಿಲ್ಲ. ಮುಂದೆ ಎಂಆರ್‌ಐ ಮಾಡಿಸುವಾಗ ಹೇಳಿದರೆ ಸಾಕು. ಬಳಿಕ ಪಿತ್ತಕೋಶವನ್ನು ಲಿವರಿನಿಂದ ಸುಟ್ಟು ಬಿಡಿಸಿ, ಸಣ್ಣ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ ತೂತಿನಿಂದ ಹೊರಗೆಳೆಯುತ್ತಾರೆ. ಹೊಗೆ ಕಾಣುತ್ತದೆ, ಹೆದರಬೇಡಿ.

ಇಲ್ಲಿ ಏನು ಕೆಡಬಹುದು? ಹಳೆಯ ಉರಿಯೂತದಿಂದ ತ್ರಿಕೋನ ಅಂಟಂಟಾಗಿದ್ದರೆ ಪಿತ್ತದ ಮುಖ್ಯ ನಾಳವನ್ನೇ ಚೀಲದ ನಾಳ ಎಂದುಕೊಳ್ಳುವ ಅಪಾಯವಿದೆ. ಅಪರೂಪ, ಆದರೆ ಈ ಆಪರೇಷನ್ನಿನ ಅತಿ ಕೆಟ್ಟ ತೊಡಕು ಅದೇ. ಹಾಗಾಗಿ ಸ್ಪಷ್ಟವಾಗಿ ಕಾಣದಿದ್ದರೆ ಸರ್ಜನ್ ಹೊಟ್ಟೆ ತೆರೆದು ಮುಂದುವರಿಸುತ್ತಾರೆ. ‘ತೂತು ಅಂತ ಹೇಳಿ ಉದ್ದ ಕೊಯ್ದುಬಿಟ್ಟರು’ ಎಂದು ಜಗಳಕ್ಕೆ ಹೋಗುವವರಿದ್ದಾರೆ. ಅದು ಸೋಲಲ್ಲ, ಎಚ್ಚರ. ವಿಡಿಯೊಗಳಲ್ಲಿ ಇದು ಕಾಣುವುದೇ ಕಡಿಮೆ, ಯಾಕೆಂದರೆ ಜನ ಅಪ್‌ಲೋಡ್ ಮಾಡುವುದು ಸಲೀಸಾಗಿ ಆದವನ್ನು. ಇನ್ನೊಂದು ಮಾತು: ಎಂಟು ನಿಮಿಷದ ವಿಡಿಯೊ ಮುಕ್ಕಾಲು ಗಂಟೆಯ ಕೆಲಸವನ್ನು ಕತ್ತರಿಸಿ ಅಂಟಿಸಿದ್ದು. ಒಳಗೆ ಎರಡು ಗಂಟೆ ಆದರೆ ಹೊರಗೆ ಕೂತು ಏನೋ ಆಯಿತೆಂದು ಕಲ್ಪಿಸಿಕೊಳ್ಳಬೇಡಿ. ಅರಿವಳಿಕೆ ಕೊಡುವುದು, ಎಚ್ಚರಿಸುವುದು ಇದರಲ್ಲೇ ಸೇರಿರುತ್ತದೆ.

ಬೇರೆ ಆಪರೇಷನ್‌ಗಳು, ಚುಟುಕಾಗಿ

ಕಣ್ಣಿನ ಪೊರೆಯ ವಿಡಿಯೊ ತೆರೆದಾಗ ಕಣ್ಣು ತಲೆಕೆಳಗಾಗಿ ಕಂಡೀತು. ಹಲವು ಬಾರಿ ಸರ್ಜನ್ ರೋಗಿಯ ತಲೆಯ ಕಡೆ ಕೂತಿರುತ್ತಾರೆ, ಹಾಗಾಗಿ ಹುಬ್ಬು ಕೆಳಗೆ ಬರುತ್ತದೆ. ನಡುವೆ ಕಣ್ಣು ಗಾಢ ನೀಲಿಯಾದರೆ ಅದು ಟ್ರೈಪಾನ್ ಬ್ಲೂ ಬಣ್ಣ, ಪೊರೆಯ ಮೇಲಿನ ತೆಳು ಚೀಲ ಕಾಣಲೆಂದು ಹಾಕುವುದು, ತೊಳೆದು ಹೋಗುತ್ತದೆ. ಶಬ್ದತರಂಗದಿಂದ ಪೊರೆ ಪುಡಿಮಾಡಿ ಹೀರುವ ಫೇಕೋ ವಿಧಾನದಲ್ಲಿ ಕೊಯ್ತ ಮೂರು ಮಿ.ಮೀ.ಗಿಂತ ಕಡಿಮೆ, ಮಡಚಿದ ಲೆನ್ಸ್ ಒಳಗೆ ಬಿಚ್ಚಿಕೊಳ್ಳುತ್ತದೆ. ಶಿಬಿರಗಳಲ್ಲಿ ಹೆಚ್ಚು ಮಾಡುವ, ಯಂತ್ರವಿಲ್ಲದೆ ಕೈಯಿಂದಲೇ ಪೊರೆ ತೆಗೆಯುವ ಎಸ್‌ಐಸಿಎಸ್‌ನಲ್ಲಿ ಆರೇಳು ಮಿ.ಮೀ. ಸುರಂಗದಂತೆ ಕೊಯ್ದು ಸಾಮಾನ್ಯವಾಗಿ ಹೊಲಿಗೆ ಇಲ್ಲದೆ ಬಿಡುತ್ತಾರೆ. ಎರಡನೆಯದು ಅಗ್ಗ ಎಂದ ಮಾತ್ರಕ್ಕೆ ಕೀಳಲ್ಲ, ಗಟ್ಟಿಯಾಗಿ ಮಾಗಿದ ಪೊರೆಗೆ ಅದು ಚೆನ್ನಾಗಿಯೇ ಹೊಂದುತ್ತದೆ. ನೀವು ನೋಡಿದ ವಿಡಿಯೊ ಯಾವುದರದು, ನಿಮ್ಮ ಅಜ್ಜಿಗೆ ಮಾಡುವುದು ಯಾವುದು ಎಂದು ತಾಳೆ ಹಾಕಿ.

ಮೊಣಕಾಲು ಕೀಲು ಬದಲಿಯ ವಿಡಿಯೊ ಕೇಳುವುದೇ ಕಷ್ಟ: ಸುತ್ತಿಗೆ, ಗರಗಸ, ಡ್ರಿಲ್. ಶಬ್ದ ಬಂದ್ ಮಾಡಿ ನೋಡಿ. ತೆಗೆಯುವುದು ಇಡೀ ಕೀಲನ್ನಲ್ಲ, ಸವೆದ ಮೇಲ್ಮೈಯ ಕೆಲವು ಮಿ.ಮೀ. ಮೂಳೆಯನ್ನು. ಮೇಲೆ ಲೋಹದ ಟೋಪಿ, ಕೆಳಗೆ ಲೋಹದ ತಟ್ಟೆ, ನಡುವೆ ಪ್ಲಾಸ್ಟಿಕ್. ಮೊಣಕಾಲಿನ ಇಂಪ್ಲಾಂಟ್ ಬೆಲೆಗೆ ಕೇಂದ್ರ 2017ರ ಆಗಸ್ಟ್‌ನಲ್ಲಿ ಮಿತಿ ಹಾಕಿತು, ಹೃದಯದ ಸ್ಟೆಂಟ್‌ಗೆ ಅದೇ ವರ್ಷದ ಫೆಬ್ರವರಿಯಲ್ಲಿ. ಬಿಲ್ಲಿನಲ್ಲಿ ಇಂಪ್ಲಾಂಟ್ ಬೆಲೆ ಬೇರೆಯಾಗಿ ಬರೆಸಿಕೊಳ್ಳಿ, ಇಂಪ್ಲಾಂಟ್ ಪೆಟ್ಟಿಗೆಯ ಸ್ಟಿಕ್ಕರ್ ಇಟ್ಟುಕೊಳ್ಳಿ.

ಹರ್ನಿಯಾದಲ್ಲಿ ಬಲೆ ಕೂರಿಸುವುದನ್ನು ನೋಡಿದರೆ ಸಾಕು. ತೂತನ್ನು ಬರೀ ಹೊಲಿದು ಬಿಟ್ಟರೆ ಎಳೆತಕ್ಕೆ ಮತ್ತೆ ಬಿಡುತ್ತದೆ ಎಂಬುದು ತಾನಾಗಿ ತಿಳಿಯುತ್ತದೆ. ಗರ್ಭಕೋಶದ ವಿಡಿಯೊದಲ್ಲಿ ಮಾತ್ರ ಒಂದು ಅಂಶ ಕಣ್ಣು ತಪ್ಪಬಾರದು: ಅಂಡಾಶಯ ಉಳಿಸಿದರೋ, ತೆಗೆದರೋ. ಮುಟ್ಟು ಸಹಜವಾಗಿ ನಿಲ್ಲುವ ಮೊದಲೇ ಎರಡೂ ಅಂಡಾಶಯ ಹೋದರೆ ಆ ಹೆಣ್ಣಿಗೆ ಒಂದೇ ದಿನದಲ್ಲಿ ಮುಟ್ಟು ನಿಂತ ವಯಸ್ಸಿನ ತೊಂದರೆಗಳೆಲ್ಲ ಶುರುವಾಗುತ್ತವೆ. ‘ಮೇಡಂ, ಅಂಡಾಶಯ ಉಳಿಸ್ತೀರಾ?’ ಎಂಬ ಪ್ರಶ್ನೆಯನ್ನು ಮೊದಲೇ ಕೇಳಬೇಕು.

ಆಪರೇಷನ್ ಇಲ್ಲದ ಕಾಯಿಲೆಗಳು

ಇಲ್ಲಿ ಮೋಸ ಮಾಡುವುದು ಅಂಕಿ. ಬ್ರಿಟನ್ನಿನ ವಿಡಿಯೊದಲ್ಲಿ ‘ಖಾಲಿ ಹೊಟ್ಟೆಯ ಸಕ್ಕರೆ 7’ ಎಂದರೆ ಅದು ಬೇರೆ ಮಾನ. 18ರಿಂದ ಗುಣಿಸಿ: 126. ನಮ್ಮ ಲ್ಯಾಬ್ ರಿಪೋರ್ಟಿನ ಭಾಷೆಯಲ್ಲಿ ಸಕ್ಕರೆ ಕಾಯಿಲೆಯ ಗಡಿ ಅದೇ. ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ 90 ಎಂದು ಕೇಳಿ ಎದೆ ಒಡೆದುಕೊಳ್ಳಬೇಡಿ, 88.4ರಿಂದ ಭಾಗಿಸಿದರೆ ಸುಮಾರು 1. ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ಹೇಳುವ ಎಚ್‌ಬಿಎ1ಸಿ ಶೇಕಡಾವಾರಿನಲ್ಲಿದ್ದರೆ ಎಲ್ಲೆಡೆ ಒಂದೇ: 6.5 ಮತ್ತು ಮೇಲೆ ಸಕ್ಕರೆ ಕಾಯಿಲೆ, 5.7ರಿಂದ 6.4 ಅಂಚು.

ಹೊರಗಿನವರ ವಿಡಿಯೊದಲ್ಲಿ ಬಾರದ, ನಮ್ಮ ನೆಲದ ಎರಡು ಕಾಯಿಲೆ ಇವೆ. ಜಗಳೂರು, ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಬೆನ್ನು ಬಿಗಿತ, ಕೀಲುನೋವು ಎಂದು ಹುಡುಕಿದರೆ ಬರುವುದು ಸಂಧಿವಾತದ ವಿಡಿಯೊಗಳೇ. ಹಲ್ಲಿನ ಮೇಲೆ ಚಿಕ್ಕಂದಿನಿಂದ ಕಂದು ಪಟ್ಟಿ ಇದ್ದು, ಊರಿನ ಬಹಳ ಜನಕ್ಕೆ ಹಾಗೇ ಇದ್ದರೆ ‘ಫ್ಲೋರೋಸಿಸ್’ ಎಂಬ ಪದವನ್ನು ಡಾಕ್ಟರ ಮುಂದೆ ಎತ್ತಿ. ಕುಡಿಯುವ ನೀರಿಗೆ ಭಾರತೀಯ ಮಾನಕ ಲೀಟರಿಗೆ 1 ಮಿ.ಗ್ರಾಂ., ಬೇರೆ ನೀರೇ ಇಲ್ಲದಿದ್ದರೆ 1.5. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಇನ್ನೂ ಗಟ್ಟಿಯಾಗುತ್ತದೆ.

ಎರಡನೆಯದು ಅಡಿಕೆ. ಚನ್ನಗಿರಿ ಸೀಮೆಯಲ್ಲಿ ಅಡಿಕೆ ಅನ್ನ ಕೊಡುವ ಬೆಳೆ, ಅದರ ಬಗ್ಗೆ ಮಾತಾಡುವುದು ಕಷ್ಟ. ಆದರೂ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ಸೇರಿಸಿದೆ. ಜಗಿಯುವವರು ಕನ್ನಡಿ ಮುಂದೆ ಬಾಯಿ ತೆರೆದು ತಮ್ಮದೇ ಮೂರು ಬೆರಳು ಲಂಬವಾಗಿ ಇಟ್ಟು ನೋಡಲಿ. ಎರಡೇ ಹಿಡಿಯುತ್ತದೆ, ಖಾರ ತಾಗಿದರೆ ಉರಿಯುತ್ತದೆ ಎಂದಾದರೆ ‘ಸಬ್‌ಮ್ಯೂಕಸ್ ಫೈಬ್ರೋಸಿಸ್’ (ಬಾಯಿಯ ಒಳಪದರ ಬಿಗಿಯಾಗುವ ಕಾಯಿಲೆ) ಎಂದು ಹುಡುಕಿ ಒಂದು ವಿಡಿಯೊ ನೋಡಿ, ಮಾರನೇ ದಿನ ದಂತವೈದ್ಯ ಕಾಲೇಜಿಗೆ ಹೋಗಿ. ದಾವಣಗೆರೆಯಲ್ಲೇ ಇದೆ.

ಯಾವಾಗ ಮೊಬೈಲ್ ಕೆಳಗಿಡಬೇಕು

ಎದೆ ಹಿಂಡುವ ನೋವು, ಬಾಯಿ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು, ಹಾವು ಕಡಿತ. ಇವಕ್ಕೆ ವಿಡಿಯೊ ಇಲ್ಲ, 108 ಮಾತ್ರ. ಪಾರ್ಶ್ವವಾಯುವಿನಲ್ಲಿ ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಡಬಹುದಾದ ಅವಧಿ ಸಾಮಾನ್ಯವಾಗಿ ನಾಲ್ಕೂವರೆ ಗಂಟೆ. ಹೊಸದುರ್ಗದ ಹಳ್ಳಿಯಿಂದ ಸಿಟಿ ಸ್ಕ್ಯಾನ್ ಇರುವ ಕಡೆ ತಲುಪುವುದರಲ್ಲೇ ಅದರ ಒಂದು ಪಾಲು ಹೋಗುತ್ತದೆ.

ಆರನೆಯದು: ನೋಡಿದ್ದನ್ನು ಪ್ರಶ್ನೆ ಮಾಡುವುದು

‘ಯೂಟ್ಯೂಬಲ್ಲಿ ನೋಡಿದೆ ಸರ್, ಕಲ್ಲು ಕರಗೋ ಔಷಧಿ ಇದೆಯಂತೆ’ ಎಂದು ಶುರು ಮಾಡಿದರೆ ಡಾಕ್ಟರು ನಿಟ್ಟುಸಿರು ಬಿಡುತ್ತಾರೆ, ಮಾತು ಅಲ್ಲಿಗೇ ಮುಗಿಯಿತು. ಅದೇ ಸೊಸೆ ಹೀಗೆ ಕೇಳಲಿ: ‘ಸರ್, ನಮ್ಮತ್ತೆ ಸ್ಕ್ಯಾನಿಂಗಲ್ಲಿ ಸಿಬಿಡಿ ಒಂಬತ್ತು ಮಿಲಿಮೀಟರ್ ಅಂತ ಇದೆ. ನಾಳದಲ್ಲೂ ಕಲ್ಲು ಇರಬಹುದಾ? ಎಂಆರ್‌ಸಿಪಿ ಬೇಕಾಗುತ್ತಾ?’ ಡಾಕ್ಟರು ರಿಪೋರ್ಟನ್ನು ಮತ್ತೆ ಕೈಗೆ ತೆಗೆದುಕೊಳ್ಳುತ್ತಾರೆ. ಸಿಬಿಡಿ ಎಂದರೆ ಪಿತ್ತದ ಮುಖ್ಯ ನಾಳ, ಎಂಆರ್‌ಸಿಪಿ ಎಂದರೆ ಆ ನಾಳದ ಎಂಆರ್‌ಐ. ನಾಳ ಸಾಮಾನ್ಯವಾಗಿ 6 ಮಿ.ಮೀ. ಒಳಗಿರುತ್ತದೆ, ವಯಸ್ಸಾದವರಲ್ಲಿ ತುಸು ಹಿಗ್ಗಿರಬಹುದು. ಹಾಗಾಗಿ ಅದು ಕೇಳಲೇಬೇಕಾದ ಪ್ರಶ್ನೆ. ವಿಡಿಯೊದ ಹೆಸರು ಎತ್ತದೆ ವಿಡಿಯೊದ ತಿಳಿವನ್ನು ಬಳಸುವುದು ಹೀಗೆ.

ಐದಕ್ಕಿಂತ ಹೆಚ್ಚು ಪ್ರಶ್ನೆ ಒಯ್ಯಬೇಡಿ. ತೂತಿನಲ್ಲೇ ಆಗದಿದ್ದರೆ ಮುಂದೇನು, ತೆಗೆದ ಅಂಗವನ್ನು ಬಯಾಪ್ಸಿಗೆ ಕಳಿಸುತ್ತೀರಾ, ಬಿಪಿ-ಶುಗರ್-ರಕ್ತ ತೆಳು ಮಾಡುವ ಮಾತ್ರೆಗಳಲ್ಲಿ ಯಾವುದನ್ನು ಯಾವ ದಿನ ನಿಲ್ಲಿಸಬೇಕು, ಎಷ್ಟು ಗಂಟೆಯಿಂದ ಏನೂ ತಿನ್ನಬಾರದು, ಎಪಿಎಂಸಿಯಲ್ಲಿ ಚೀಲ ಹೊರುವವರಾದರೆ ಎಷ್ಟು ವಾರ ರಜೆ. ಉಪವಾಸದ ವಿಚಾರದಲ್ಲಿ ವಿಡಿಯೊಗಳು ಘನ ಆಹಾರಕ್ಕೆ ಆರು ಗಂಟೆ, ನೀರಿಗೆ ಎರಡು ಗಂಟೆ ಎಂದು ಹೇಳುತ್ತವೆ. ಅದು ಸಾಮಾನ್ಯ ನಿಯಮ. ಸಕ್ಕರೆ ಕಾಯಿಲೆ ಇರುವವರು, ಗರ್ಭಿಣಿಯರಿಗೆ ಬೇರೆ ಲೆಕ್ಕ ಇರಬಹುದು, ಅರಿವಳಿಕೆ ಡಾಕ್ಟರ ಮಾತೇ ಕೊನೆ.

ಒಪ್ಪಿಗೆ ಪತ್ರ ಸಹಿಗೆ ಬಂದಾಗ ಆಪರೇಷನ್ನಿನ ಹೆಸರು, ಬದಿ ಖಾಲಿ ಇದ್ದರೆ ತುಂಬಿಸಿಕೊಂಡು ಸಹಿ ಮಾಡಿ. ಪರೀಕ್ಷೆಗೆಂದು ಕೊಟ್ಟ ಒಪ್ಪಿಗೆಯನ್ನೇ ಹಿಡಿದು ಅಂಗ ತೆಗೆಯುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಜೀವಕ್ಕೆ ಅಪಾಯದ ತುರ್ತು ಬಿಟ್ಟರೆ. ಮೊದಲ ಹೆಜ್ಜೆಯಲ್ಲಿ ನೋಟ್‌ಬುಕ್ಕಿಗೆ ಬರೆದುಕೊಂಡ ಹೆಸರು ಈ ಕಾಗದದಲ್ಲಿ ಇದೆಯೇ ಎಂದು ಪಕ್ಕದಲ್ಲಿಟ್ಟು ನೋಡಿ. ‘ಎಕ್ಟಮಿ’ಯೋ ‘ಸ್ಕೋಪಿ’ಯೋ ಎಂಬುದು ಈಗ ನಿಮಗೆ ಓದಲು ಬರುತ್ತದೆ.

ಖರ್ಚಿನ ಮಾತನ್ನು ವಿಡಿಯೊ ನಂಬಿ ಲೆಕ್ಕ ಹಾಕಬೇಡಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷದವರೆಗೆ ಸಿಗುತ್ತದೆ. ಹಲವು ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕು. ದಾವಣಗೆರೆಯವರು ಚಿಗಟೇರಿ ಆಸ್ಪತ್ರೆಯಲ್ಲಿ, ದುರ್ಗದವರು ಜಿಲ್ಲಾಸ್ಪತ್ರೆಯಲ್ಲಿ ಈ ಯೋಜನೆಯ ಸಹಾಯಕರಾದ ಆರೋಗ್ಯಮಿತ್ರರನ್ನು ಅಡ್ಮಿಟ್ ಆಗುವ ಮೊದಲೇ ಕಾಣಬೇಕು. ಅಡ್ಮಿಟ್ ಆಗಿ ದುಡ್ಡು ಕಟ್ಟಿದ ಮೇಲೆ ಹೋದರೆ ಕೆಲಸ ಕೆಡುತ್ತದೆ.

ಮನೆಗೆ ಬಂದ ಮೇಲೆ

ಡಿಸ್ಚಾರ್ಜ್ ಸಮರಿಯಲ್ಲಿ ಬಿಡಿ ಎಂದರೆ ದಿನಕ್ಕೆರಡು ಸಲ, ಟಿಡಿಎಸ್ ಮೂರು ಸಲ, ಎಚ್‌ಎಸ್ ಮಲಗುವಾಗ, ಎಸ್‌ಒಎಸ್ ಬೇಕಾದಾಗ ಮಾತ್ರ. ಗಾಯದ ಡ್ರೆಸಿಂಗ್, ಡ್ರೈನ್ ಚೀಲ ಖಾಲಿ ಮಾಡುವುದು, ಇನ್ಸುಲಿನ್ ಚುಚ್ಚುವುದು, ಮೊಣಕಾಲಿನ ವ್ಯಾಯಾಮ: ವಿಡಿಯೊ ನಿಜಕ್ಕೂ ಕೈಹಿಡಿಯುವುದು ಇಲ್ಲಿ. ಇದಕ್ಕಿಂತ ಒಳ್ಳೆಯದು, ವಾರ್ಡಿನಲ್ಲಿ ಸಿಸ್ಟರ್ ಡ್ರೆಸಿಂಗ್ ತೋರಿಸಿಕೊಡುವಾಗ ಅವರನ್ನು ಕೇಳಿಕೊಂಡು, ಗಾಯ ಮತ್ತು ಕೈ ಮಾತ್ರ ಕಾಣುವಂತೆ ನೀವೇ ಎರಡು ನಿಮಿಷ ಚಿತ್ರೀಕರಿಸಿಕೊಳ್ಳುವುದು. ಪಕ್ಕದ ಮಂಚದವರು ಬರಬಾರದು, ಕುಟುಂಬದ ಗುಂಪಿಗೂ ಹಾಕಬಾರದು. ಗಾಯ ಕೆಂಪಾಗಿ ಬಿಸಿಯಾದರೆ, ಜ್ವರ 101 ಡಿಗ್ರಿ ದಾಟಿದರೆ, ಪಿತ್ತಕೋಶದ ಆಪರೇಷನ್ ಆದವರ ಕಣ್ಣು ಹಳದಿಯಾದರೆ, ಹೊಟ್ಟೆ ಉಬ್ಬಿ ವಾಂತಿಯಾದರೆ ಆ ದಿನವೇ ಆಸ್ಪತ್ರೆಗೆ. ಸಮರಿಯ ಫೋಟೊ, ಗಾಯದ ದಿನದಿನದ ಫೋಟೊ, ಸಿಸ್ಟರ್ ತೋರಿಸಿದ ವಿಡಿಯೊ ಮೂರನ್ನೂ ಮೊಬೈಲಿನಲ್ಲಿ ಒಂದೇ ಫೋಲ್ಡರಿಗೆ ಹಾಕಿ, ರೋಗಿಯ ಹೆಸರು ಮತ್ತು ಆಪರೇಷನ್ ತಾರೀಖು ಬರೆದಿಡಿ. ಹೊಲಿಗೆ ಬಿಚ್ಚಿಸಲು ಹೋದ ದಿನ ಡ್ಯೂಟಿಯಲ್ಲಿ ಬೇರೆ ಡಾಕ್ಟರು ಇರುತ್ತಾರೆ, ಮೊದಲು ಕೇಳುವುದು ಅದನ್ನೇ.